ಒಂದು ಕಿಲೋ ದಾಟಿದ ದಿನ

ಅಪ್ಪಟ ಸಸ್ಯಾಹಾರಿಯೊಬ್ಬ ಮೀನು ಹಿಡಿಯುವುದು ಹೇಗೆ ಎಂದು ನನ್ನನ್ನು ಕೇಳಿ. ಬಹಳ ಸುಲಭ! ಎರೆಹುಳು ಮುಟ್ಟಬೇಕಾಗಿಲ್ಲ. ಪ್ಲಾಸ್ಟಿಕ್ ಮೀನು, ಹೊಳೆಯುವ ತಗಡಿನ ಚಮಚ, ರಬ್ಬರ್ ಕಪ್ಪೆ, ಇವನ್ನು ದಾರಕ್ಕೆ ಕಟ್ಟಿ ನೀರಿಗೆ ಎಸೆಯುವುದು. ಸಿಕ್ಕ ಮೀನನ್ನು ತೂಗಿ, ಫೋಟೊ ತೆಗೆದು, ನೀರಿಗೇ ಬಿಡುವುದು. ಬಸವೇಶ್ವರನಗರದ ನಮ್ಮ ಅಡುಗೆಮನೆಗೆ ಅದರ ವಾಸನೆಯೂ ತಟ್ಟುವುದಿಲ್ಲ ಎಂದು ಹೆಂಡತಿ ಗಿರಿಜೆಗೆ ದೊಡ್ಡ ಉಪನ್ಯಾಸವನ್ನೇ ಕೊಟ್ಟಿದ್ದೆ.

ಕೆಂಗೇರಿ ಆಚೆ ಟಿಕೆಟ್ ತೆಗೆದು ಗಾಳ ಹಾಕುವ ಹೊಂಡವೊಂದಿದೆ. ಅಲ್ಲಿ ತಗಡಿನ ಚಮಚಕ್ಕೆ ಪಾಚಿ ಸಿಕ್ಕಿತು. ಪ್ಲಾಸ್ಟಿಕ್ ಮೀನಿಗೆ ನನ್ನದೇ ಪ್ಯಾಂಟು ಸಿಕ್ಕಿತು. ರಬ್ಬರ್ ಕಪ್ಪೆಗೆ ಮಾತ್ರ ಕಾಲು ಕಿಲೋ ಮೀನೊಂದು ಬಿತ್ತು. ನನ್ನ ಜೀವಮಾನದ ದಾಖಲೆ!

"ಕಾಲು ಕಿಲೋನಾ? ನಾನು ತರೋ ಬೀನ್ಸೇ ಅದಕ್ಕಿಂತ ಜಾಸ್ತಿ ಇರುತ್ತೆ," ಎಂದಳು ಗಿರಿಜೆ. "ನೋಡಿ, ಈ ಭಾನುವಾರದೊಳಗೆ ಒಂದು ಕಿಲೋ ದಾಟಿರ್ಬೇಕು. ಇಲ್ಲಾಂದ್ರೆ ಆ ಗಾಳದ ಕೋಲು ನಂದು. ಜೇಡರ ಬಲೆ ಹೊಡೆಯೋಕೆ ಹೇಳಿ ಮಾಡ್ಸಿದ ಹಾಗಿದೆ."

ದಿನಾ ಒರೆಸಿ, ಬಟ್ಟೆ ಸುತ್ತಿ ಮಲಗಿಸುತ್ತಿದ್ದ ನನ್ನ ಕೋಲು!

ಶನಿವಾರ ಬೆಳಗ್ಗೆ ಲುಂಗಿ ಎತ್ತಿ ಕಟ್ಟಿ, ಎಸೆತದ ಅಭ್ಯಾಸಕ್ಕೆಂದು ತಾರಸಿ ಹತ್ತಿದೆ. ಯಾರಿಗೂ ಚುಚ್ಚದಿರಲೆಂದು ಕಪ್ಪೆಯ ಕೊಕ್ಕೆಗಳನ್ನು ಮೊದಲೇ ಕಿತ್ತಿಟ್ಟಿದ್ದೆ. ಮೋಟುಗೋಡೆಯಾಚೆ, ಪಕ್ಕದ ಮನೆಯ ವಿಶಾಲಾಕ್ಷಿ ಆಂಟಿ ಸಂಡಿಗೆ ಇಡುತ್ತಿದ್ದರು.

"ಏನ್ ಸಾರ್, ಬಟ್ಟೆ ಒಣಗಿಸೋ ದಾರಾನಾ?"

"ಮೀನು ಹಿಡೀತಾ ಇದೀನಿ ಆಂಟಿ."

ಆಂಟಿ ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಪಾಪ, ಮತ್ತೆ ಸಂಡಿಗೆ ಇಡಲು ಬಗ್ಗಿದರು.

ಬೀಸಿ ಎಸೆದೆ. ಆಹಾ, ಏನು ಎಸೆತ! ಕಪ್ಪೆ ಜೀವ ಬಂದಂತೆ ಹಾರಿತು. ಆದರೆ ಕೆಳಗೆ ಬರಲೇ ಇಲ್ಲ! ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಹದ್ದೊಂದು ಸುಂಯ್ಯನೆ ಬಂದು, ಅದನ್ನು ಕಾಲಲ್ಲಿ ಹಿಡಿದು ಮೇಲೇರಿತು. ದಾರದ ರಾಟೆ ಝರ್ರೆಂದು ಚೀರಿತು. ಅದು ಹಾಗೆ ಚೀರಿದ್ದು ಅದೇ ಮೊದಲು. ನನಗೋ ಖುಷಿಗೆ ಹುಚ್ಚೇ ಹಿಡಿಯಿತು!

"ಬಿಡ್ರೀ ಅದನ್ನ!" ಮೆಟ್ಟಿಲ ಮೇಲಿಂದ ಗಿರಿಜೆ ಕೂಗಿದಳು.

"ಅದೇ ಬಿಡ್ತಿಲ್ಲ ಕಣೇ!"

ಸುಳ್ಳು. ನಾನೂ ಬಿಡಲಿಲ್ಲ. ಹದ್ದು ಎಡಕ್ಕೆ ಹೋದರೆ ನಾನೂ ಎಡಕ್ಕೆ, ಅದು ಬಲಕ್ಕೆ ಹೋದರೆ ನಾನೂ ಬಲಕ್ಕೆ. ಸುತ್ತಲಿನ ತಾರಸಿಗಳೆಲ್ಲ ಜನರಿಂದ ತುಂಬಿದವು. "ಲೂಸ್ ಬಿಡಿ ಅಂಕಲ್, ಲೂಸ್ ಬಿಡಿ!" ಎಂದು ಗಾಳಿಪಟದ ತಜ್ಞರು ಸಲಹೆ ಕೊಟ್ಟರು. ಕೋಲಿಗೆ ಎರಡೂ ಕೈ ಬೇಕು. ಜಾರುತ್ತಿದ್ದ ಲುಂಗಿಗೂ ಒಂದು ಬೇಕು. ನಾನು ದಾಖಲೆಯನ್ನೇ ಆರಿಸಿಕೊಂಡೆ. ಒಳಗೆ ಚಡ್ಡಿ ಇತ್ತು, ದೇವರು ದೊಡ್ಡವನು!

ಮೋಟುಗೋಡೆ ದಾಟಿದ್ದು ನೆನಪಿಲ್ಲ. ಹದ್ದಿಗೆ ರಬ್ಬರಿನ ಗುಟ್ಟು ಗೊತ್ತಾಯಿತೇನೋ, ತಟ್ಟನೆ ಕಪ್ಪೆಯನ್ನು ಬಿಟ್ಟಿತು. ಎಂಬತ್ತೆರಡು ಕಿಲೋ ತೂಕದ ನಾನು ಧೊಪ್ಪನೆ ಕೂತೆ. ಹಸಿ ಸಂಡಿಗೆಯ ಮೇಲೆ! ಕಪ್ಪೆ ಬಂದು ಹಿಟ್ಟಿನ ಪಾತ್ರೆಗೆ ಬಿತ್ತು.

"ಅಯ್ಯೋ ಸಾರ್, ಮಗಳ ಸೀಮಂತಕ್ಕೆ ಇಡ್ತಿದ್ದೆ!" ಆಂಟಿ ಹಣೆ ಚಚ್ಚಿಕೊಂಡರು.

ಕೂತಲ್ಲಿಂದಲೇ ನನ್ನ ಹಕ್ಕು ಮಂಡಿಸಿದೆ. "ಗಿರಿಜಾ, ಹದ್ದು ಒಂದು ಕಿಲೋ ಇರಲ್ವಾ? ದಾಖಲೆ ಆಯ್ತು ತಾನೇ?"

ಗಿರಿಜೆ ಲುಂಗಿಯನ್ನು ನನ್ನ ಮುಖಕ್ಕೆ ಎಸೆದಳು. "ಯಾರು ಯಾರನ್ನ ಎಳ್ಕೊಂಡು ಹೋದ್ರು ಅಂತ ಇಡೀ ಬೀದಿ ನೋಡಿದೆ ರೀ!"

ಈಗ ಕೋಲಿನ ತುದಿಗೆ ಹಳೇ ಪೊರಕೆ ಕಟ್ಟಿದೆ. ಜೇಡರ ಬಲೆ ಹೊಡೆಯುವವನೂ ನಾನೇ. ಆ ಹದ್ದು ದಿನಾ ಟ್ಯಾಂಕಿನ ಮೇಲೆ ಕೂತು, ಎದೆಯುಬ್ಬಿಸಿ ನನ್ನನ್ನೇ ನೋಡುತ್ತದೆ. ನೋಡಲಿ ಬಿಡಿ. ಅವತ್ತು ದಾಖಲೆ ಮಾಡಿದ್ದು ಅದೇ ತಾನೇ? ಒಂದೇ ಗಾಳಕ್ಕೆ ಎಂಬತ್ತೆರಡು ಕಿಲೋ! ಅದೂ ನನ್ನ ಹಾಗೆಯೇ, ತಿನ್ನಲಿಲ್ಲ. ತೂಗಿ ನೋಡಿ ವಾಪಸ್ ಬಿಟ್ಟುಬಿಟ್ಟಿತು.