ಸ್ಪೀಕರ್ ಹದ ಮಾಡುವವನ ಪಾಡು

ದುಬಾರಿ ಸ್ಪೀಕರ್ ಕೊಂಡವರ ಮನೆಗೆ ಹೋಗಿ ಅದರ ದನಿಯನ್ನು ಹದ ಮಾಡಿಕೊಡುವುದು ನನ್ನ ಕಸುಬು. ಚಿಕ್ಕಬಳ್ಳಾಪುರದ ಸುತ್ತ ಇಂಥ ಶೋಕಿ ಯಾರಿಗಿದೆ ಎನ್ನಬೇಡಿ, ಇದೆ. ನನಗಿರುವ ಬಂಡವಾಳ ಎರಡು ಕಿವಿ. ಅವು ಕೈಕೊಟ್ಟರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಆ ಭಯವೊಂದು ಬಿಟ್ಟರೆ, ಹೋದಲ್ಲೆಲ್ಲ ಏನಾದರೊಂದು ತಮಾಷೆ ನಡೆದೇ ನಡೆಯುತ್ತದೆ.

ಒಳ್ಳೆ ಜಾಗ

ಚಿಂತಾಮಣಿಯಲ್ಲಿ ಒಬ್ಬ ಮೇಷ್ಟ್ರು. ಅವರ ಹಜಾರದಲ್ಲಿ ಸ್ಪೀಕರುಗಳನ್ನು ಅತ್ತಿತ್ತ ಸರಿಸಿ, "ಸಾರ್, ಈ ಕುರ್ಚೀಲಿ ಕೂತ್ರೇನೇ ಹಾಡು ಸರಿಯಾಗಿ ಕೇಳ್ಸೋದು. ಮನೇಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ" ಎಂದು ಹೇಳಿ ಬಂದೆ.

ಮತ್ತೆ ಆ ಕಡೆ ಹೋದಾಗ ಕುರ್ಚಿಯಲ್ಲಿ ಅವರ ತಾಯಿ ಕೂತಿದ್ದರು. ಮೇಷ್ಟ್ರು ಅಡುಗೆಮನೆ ಬಾಗಿಲ ಹತ್ತಿರ, ನೆಲದ ಮೇಲೆ.

"ಒಳ್ಳೆ ಜಾಗ ಅಂತ ನೀವೇ ಅಂದ್ರಲ್ಲ. ಅಮ್ಮ ಇರೋವಾಗ ನಾನು ಹೆಂಗೆ ಕೂರ್ಲಿ?" ಎಂದರು.

ಆ ತಾಯಿಗೆ ಎರಡೂ ಕಿವಿ ಕೇಳಿಸದು. ಹೇಗಿದೆಯಮ್ಮ ಎಂದು ಕೈಸನ್ನೆ ಮಾಡಿದೆ.

"ಬಲು ಚೆನ್ನಾಗಿದೆ ಕಣಪ್ಪ. ಬೆನ್ನು ನೋವೇ ಇಲ್ಲ!"

ಮೂಟೆ

ಮಂಚೇನಹಳ್ಳಿಯ ಗುಮಾಸ್ತರೊಬ್ಬರ ಹೊಸ ಮನೆ. ಗ್ರಾನೈಟ್ ನೆಲ, ಬೋಳು ಗೋಡೆ. ಕೆಮ್ಮಿದರೂ ಎರಡೆರಡು ಸಲ ಕೇಳಿಸುತ್ತಿತ್ತು. "ಮೆತ್ತಗಿರೋದು ಏನಾದ್ರೂ ತುಂಬ್ಸಿ" ಎಂದೆ. ಪರದೆ, ಜಮಖಾನ ತರುತ್ತಾರೆ ಅಂದುಕೊಂಡಿದ್ದೆ. ಅವರು ಹೊಲದಿಂದ ಮುಸುಕಿನ ಜೋಳದ ಮೂಟೆ ತಂದು ಗೋಡೆಯುದ್ದಕ್ಕೂ ಒಟ್ಟಿದರು. ದನಿ ಎಷ್ಟು ಚೊಕ್ಕವಾಯಿತೆಂದರೆ ನನಗೇ ಹೊಟ್ಟೆಕಿಚ್ಚಾಯಿತು.

ಸ್ವಲ್ಪ ದಿನಕ್ಕೆ ಫೋನು. "ಸಾರ್, ಸೌಂಡು ಹೊರಟೋಯ್ತು."

"ಏನಾಯ್ತು?"

"ಒಳ್ಳೆ ರೇಟು ಬಂತು, ಮಾರ್ಬಿಟ್ಟೆ. ಮುಂದಿನ ಬೆಳೆಗೆ ಸರಿಹೋಗುತ್ತೆ ಬಿಡಿ."

ಸರಸರ

ಜಂಗಮಕೋಟೆಯಲ್ಲಿ ರೇಷ್ಮೆ ಬೆಳೆಗಾರರೊಬ್ಬರ ಮನೆ. ಎಲ್ಲ ಹದ ಮಾಡಿ ಹಾಡು ನಿಲ್ಲಿಸಿದೆ. ಆದರೂ ಸಣ್ಣಗೆ ಸರಸರ ಎನ್ನುತ್ತಿತ್ತು. ತಂತಿ ಬದಲಾಯಿಸಿದೆ, ಸರಸರ. ಪ್ಲಗ್ಗನ್ನೇ ಕಿತ್ತೆ. ಆಗಲೂ ಸರಸರ!

ಕರೆಂಟೇ ಇಲ್ಲದ ಸ್ಪೀಕರ್ ಸದ್ದು ಮಾಡೀತೇ? ಯಜಮಾನರನ್ನು ಕೇಳಿದೆ, "ನಿಮಗೇನಾದ್ರೂ ಕೇಳಿಸ್ತಾ ಇದ್ಯಾ?"

"ಇಲ್ವಲ್ಲ ಸಾರ್."

ಹಾಗಾದರೆ ಕೆಟ್ಟದ್ದು ನನ್ನ ಕಿವಿ. ಇನ್ನೇನು ಕೆಲಸ ಮಾಡಿ ಬದುಕಲಿ ಎಂದು ಅಲ್ಲೇ ಕುಸಿದು ಕೂತೆ.

ಅಷ್ಟರಲ್ಲಿ ಮನೆಯಾಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದು ಪಕ್ಕದ ಕೋಣೆಯ ಬಾಗಿಲು ತೆಗೆದರು. ಸರಸರ ಜೋರಾಯಿತು. ಒಳಗೆ ಸಾವಿರಾರು ರೇಷ್ಮೆಹುಳ ಸೊಪ್ಪು ಮೇಯುತ್ತಿದ್ದವು.

"ಓ, ಇದಾ!" ಎಂದರು ಯಜಮಾನರು. "ನಾಲ್ಕನೇ ಜ್ವರ ಬಿಟ್ಟು, ಅಂದ್ರೆ ಪೊರೆ ಕಳಚಿ, ಎದ್ದವೆ ಸಾರ್, ಈಗ ಬರೀ ತಿನ್ನೋದೇ ಕೆಲಸ. ದಿನಾ ಕೇಳಿ ಕೇಳಿ ನಮಗೆ ಗೊತ್ತೇ ಆಗಲ್ಲ."

ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು ಬಂದು, ಹುಳಗಳ ಕಡೆಗೇ ಕೈಮುಗಿದೆ. ಆಕೆ ನನ್ನನ್ನೊಮ್ಮೆ ನೋಡಿ ಗಂಡನ ಕಡೆ ತಿರುಗಿದರು.

"ಅಷ್ಟು ದುಡ್ಡು ಸುರಿದು ಸ್ಪೀಕರ್ ತಂದ್ರಲ್ಲ, ಇವರನ್ನ ನೋಡಿ. ಹುಳ ಮೇಯೋ ಸದ್ದಿಗೇ ಕಣ್ಣೀರು ಹಾಕ್ತಾವ್ರೆ!"