ನಮ್ಮೂರು ಶಹರವಾಗಿ ಹೊಳ್ಳಿ ಬಂದದ್ದು

ಅಕ್ಕಲಕೋಟದ ಕಡೆ, ಮಲಗುವಾಗ ಇದ್ದ ಊರು ಏಳುವಾಗಲೂ ಅದೇ ಇರುತ್ತದೆಂಬ ಭರವಸೆ ಇಲ್ಲ. ನಮ್ಮದು ಹಳ್ಳಿಯಾಗಿ ಮಲಗಿ ಶಹರವಾಗಿ ಎದ್ದಿತು. ಗ್ರಾಮ ಪಂಚಾಯತಿ ಹೋಗಿ ನಗರ ಪಂಚಾಯತಿ ಬಂತು. ಬಂದಷ್ಟೇ ಬೇಗ ಹೋಯಿತು. ನಾನು ಹೇಳುವುದರಲ್ಲಿ ಅರ್ಧ ಖರೆ, ಉಳಿದರ್ಧ ಅದಕ್ಕಿಂತ ಖರೆ.

೧

ಓಣಿಗಳೆಲ್ಲ ವಾರ್ಡ್ ಆದ ದಿನ ಕಟ್ಟೆಯ ಮೇಲೆ ಕೂತು ನಾನೊಂದು ಸುದ್ದಿ ಹಬ್ಬಿಸಿದೆ: ಶಹರದಲ್ಲಿ ಬೆಲ್ ಒತ್ತದೆ ಯಾರ ಮನೆಗೂ ಹೋಗುವಂತಿಲ್ಲ. ಮರುದಿನ ಬೆಳಗ್ಗೆ ಪಕ್ಕದ ಮನೆಯ ಮುದುಕಿ ನಮ್ಮ ಹೊಸ್ತಿಲಾಚೆ ನಿಂತು “ಟಿಂಗ್ ಟಾಂಗ್, ಟಿಂಗ್ ಟಾಂಗ್” ಎನ್ನುತ್ತಿದ್ದಳು.

“ಏನಾತಬೇ ಆಯಿ?”

“ನಿಮ್ಮ ಮನಿಗಿ ಬೆಲ್ ಇಲ್ಲಲ್ಲೋ ತಮ್ಮಾ, ಬಾಯಿಲೇ ಹೊಡ್ಯಾಕತ್ತೀನಿ. ಹೆಪ್ಪಿಗಿ ಒಂದೀಟು ಮಜ್ಜಿಗಿ ಕೊಡು.”

೨

ನಗರಾಧ್ಯಕ್ಷೆಯಾದವಳು ಕುರಿ ಸಾಕುವ ಮನೆಯವಳು. ಊರಿಗೆಲ್ಲ ಅಕ್ಕ. ಶಹರವಾದದ್ದೇ ತಡ, ಹಳ್ಳಿಗಳಿಗಷ್ಟೇ ಇರುವ ರೋಜಗಾರ ಹಮಿಯ, ಅಂದರೆ ಉದ್ಯೋಗ ಖಾತ್ರಿಯ, ಕೆಲಸ ನಿಂತಿತು. ಕೂಲಿಯ ಹೆಂಗಸರು ಅವಳ ಅಂಗಳಕ್ಕೆ ಬಂದು ಕೂತರು. “ಅಕ್ಕಾ, ಶಹರ ಏನು ರೊಟ್ಟಿ ಬಡದು ಹಾಕ್ತದೇನು?”

ಅಕ್ಕ ನೇರ ಸೊಲ್ಲಾಪುರಕ್ಕೆ ಹೋಗಿ, ಊರನ್ನು ಮತ್ತೆ ಹಳ್ಳಿ ಮಾಡಿರೆಂದು ಕೇಳಿದಳು. ಅಲ್ಲಿಯ ಕಚೇರಿಯ ಮರಾಠಿ ಸಾಹೇಬರು ತಮಗೆ ಬರುವಷ್ಟು ಕನ್ನಡದಲ್ಲಿ ಹೇಳಿದರು: “ನೋಡ್ರಿ ತಾಯಿ, ಎಲ್ಲಾರೂ ಶಹರ ಬೇಕಂತಾರ. ಹಳ್ಳಿ ಆತಂದ್ರ ನಿಮ್ಮ ಅಧ್ಯಕ್ಷಗಿರಿನೇ ಹೋಗ್ತದ.”

“ಹೋಗ್ಲಿ ಬಿಡ್ರಿ. ಅದು ನಂದೊಬ್ಬಾಕಿದು. ಕೂಲಿ ಎಲ್ಲಾರದು.”

ಸಾಹೇಬರು, ತಾವೇ ಬಂದು ನೋಡಿ ಶಹರವೋ ಹಳ್ಳಿಯೋ ಬರೆಯುವುದಾಗಿ ಹೇಳಿದರು.

“ಬರ್ರಿ. ಶಹರ ಎಲ್ಲಿ ಕಂಡ್ರೂ ನನಗೂ ತೋರಸ್ರಿ, ನಾನೂ ನೋಡಿಲ್ಲ.”

೩

ಸಾಹೇಬರು ಬರುವ ದಿನ ಊರು ಇದ್ದಂಗೇ ಇರಲಿ ಎಂದು ಅಕ್ಕ ಎಲ್ಲರಿಗೂ ತಾಕೀತು ಮಾಡಿದ್ದಳು. ಆದರೆ ಮನೆಗೆ ಬೀಗರು ಬಂದಂತೆ ಸಾಹೇಬರು ಬರುವಾಗ ಕಸ ಬಿಡುವುದುಂಟೆ? ಅದೇ ಕೂಲಿ ಹೆಂಗಸರು ಊರೆಲ್ಲ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿದರು. ಹುಡುಗರು ಮದುವೆ ಮಂಟಪದವನ ಕೆಂಪು ಸೋಫಾ ಪಂಚಾಯತಿಯ ಮುಂದೆ ತಂದಿಟ್ಟರು. ನಾನು ಎರಡು ಪ್ಲಾಸ್ಟಿಕ್ ತಾಳೆಮರ ನೆಟ್ಟೆ.

ಸಾಹೇಬರು ಇಳಿದವರೇ, “ವಾ, ಸೊಲ್ಲಾಪುರಕ್ಕಿಂತ ಛಲೋ ಶಹರ ಅದಲ್ಲ” ಎಂದರು. ಅಕ್ಕನ ಮುಖ ಬಿಳಿಚಿತು. ಹೆಂಗಸರು ಪೊರಕೆಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟರು.

ಊರೆಲ್ಲ ಸುತ್ತಿ ಸಂಜೆ ಸಭೆಗೆಂದು ಸೋಫಾದಲ್ಲಿ ಕೂತು, ಸಾಹೇಬರು ಜೊತೆಗೆ ಬಂದ ಕ್ಲಾರ್ಕನಿಗೆ ಬರೆಸಲು ಬಾಯಿ ತೆರೆದರು. ಅಷ್ಟರಲ್ಲಿ ಮೇಯಲು ಹೋದ ಕುರಿ ಬಂದವು. ಆ ಹೊತ್ತಿಗೆ ಮರಿಗಳನ್ನು ಹಾಲು ಕುಡಿಯಲು ತಾಯಿಗೆ ಬಿಡಬೇಕು. ಆಗ ನಮ್ಮೂರಲ್ಲಿ ಯಾರೂ ಕೂತಿರುವುದಿಲ್ಲ. ಅಕ್ಕ ಎದ್ದಳು, ಪಂಚಾಯತಿ ಸದಸ್ಯರೆಲ್ಲ ಎದ್ದರು, ಸಭೆಯೇ ಎದ್ದುಹೋಯಿತು. ಒಂದು ಕುರಿ ನನ್ನ ತಾಳೆಮರ ತಿನ್ನಲು ಹಿಡಿಯಿತು. ಅಕ್ಕ ಓಡಿಬಂದು ಸಾಹೇಬರ ತೊಡೆಯ ಮೇಲೊಂದು ಮರಿ ಇಟ್ಟಳು. “ಇದರವ್ವ ಹಿಂದ ಉಳದದ. ಗಟ್ಟಿ ಹಿಡೀರಿ, ಬಿಟ್ರ ತುಳೀತಾವ.”

ಸಾಹೇಬರು ಎರಡೂ ಕೈಯಿಂದ ತಬ್ಬಿಕೊಂಡರು. ಕ್ಲಾರ್ಕ್ ಸೋಫಾದ ಮೇಲೆ ಹತ್ತಿ ನಿಂತು ಕೇಳಿದ: “ಸಾಹೇಬ, ಕಾಯ್ ಲಿಹೂ? ಏನಂತ ಬರೀಲಿ?”

ಅದೇ ಗಳಿಗೆಗೆ ಮರಿ ಸಾಹೇಬರ ಪ್ಯಾಂಟು ತೋಯಿಸಿತು.

“ಹಳ್ಳಿ ಅಂತ ಬರಿ,” ಎಂದರು ಸಾಹೇಬರು. “ದಪ್ಪ ಅಕ್ಷರದಾಗ ಬರಿ.”

ಊರು ಹಳ್ಳಿಯಾಯಿತು, ಕೂಲಿ ಕೆಲಸ ಶುರುವಾಯಿತು. “ಅಕ್ಕಾ, ಖುರ್ಚಿ ಹೋತಂತ ಬ್ಯಾಸರ ಇಲ್ಲೇನು?” ಎಂದೆ.

“ಯಾತರ ಬ್ಯಾಸರೋ ಮಾರಾಯಾ. ಅದರ ಮ್ಯಾಲೆ ಕುಂತ್ರ ನನ್ನ ಕಾಲು ನೆಲಕ್ಕ ಮುಟ್ಟತಿರಲಿಲ್ಲ.”