ಹವಳಕ್ಕೆ ಇಟ್ಟ ಫ್ಯಾನು

“ಅಮ್ಮ, ಇದು ಕಲ್ಲಲ್ಲ ಕಣಮ್ಮ, ಜೀವ ಇರೋ ಪ್ರಾಣಿ. ಇದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಅದೆ. ಅದು ಬೆಳಕಲ್ಲೇ ಅಡಿಗೆ ಮಾಡಿ, ತಾನೂ ಉಂಡು ಹವಳಕ್ಕೂ ಇಕ್ಕುತ್ತೆ. ಬಣ್ಣಾನೂ ಹೆಚ್ಚಾಗಿ ಆ ಪಾಚೀದೇ. ನೀರು ಕಾದ್ರೆ ಇಬ್ಬರಿಗೂ ಆಗಿಬರಲ್ಲ, ಹವಳ ಪಾಚೀನ ಆಚೆಗೆ ಹಾಕ್ಬುಡ್ತದೆ. ಆಮೇಲೆ ಬಣ್ಣಾನೂ ಇಲ್ಲ, ಊಟಾನೂ ಇಲ್ಲ, ಹಿಂಗೆ ಬಿಳಚ್ಕೊತದೆ. ಸತ್ತಿಲ್ಲ, ಉಪವಾಸ ಅದೆ. ನೀರ್ನ ನಿಧಾನಕ್ಕೆ ತಂಪು ಮಾಡ್ಬೇಕು, ಒಂದೇ ಸಲ ಐಸ್ ಸುರೀಬಾರ್ದು. ಲೈಟು ಕಮ್ಮಿ ಮಾಡ್ಬೇಕು. ಉಪ್ಪು ಏರುಪೇರಾಗ್ಬಾರ್ದು. ಅಷ್ಟು ಮಾಡಿ ತಾಳ್ಮೆಯಿಂದ ಕಾದ್ರೆ ಪಾಚಿ ವಾಪಸ್ ಬಂದ್ರೂ ಬರಬಹುದು.”

ಹೊಳೆನರಸೀಪುರದ ತನ್ನ ಮನೆಯ ನಡುಮನೆಯಲ್ಲಿ, ಗಾಜಿನ ತೊಟ್ಟಿಯ ಮುಂದೆ ನಿಂತು ನಂಜುಂಡೇಶ್ ಈ ಪ್ರವಚನ ಮುಗಿಸಿದ. ಅರಕಲಗೂಡು ರಸ್ತೆಯಲ್ಲಿ ಅವನದು ಪಂಪ್‌ಸೆಟ್ ಅಂಗಡಿ. ಸಮುದ್ರವನ್ನು ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದ್ದ. (ಆಗಲೂ ಅರ್ಧ ನಿದ್ದೆ.)

ತಾಯಿ ಸರಸಮ್ಮ ದಿವಾನದ ಮೇಲೆ ಕೂತು ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಆದರೂ ಒಂದು ಅನುಮಾನ ಉಳಿಯಿತು.

“ಪಾಚಿ ಓದ್ರೆ ಒಳ್ಳೇದಲ್ವೇನ್ಲಾ? ನೇತ್ರ ಬಚ್ಚಲ ಕಲ್ಲು ಉಜ್ಜಿ ಉಜ್ಜಿ ಸೊಂಟ ಇಡ್ಕೊಂಡವ್ಳೆ. ಬೇಕಿದ್ರೆ ಅಲ್ಲಿಂದ ಒಂದಿಷ್ಟು ಕೆರ್ಕೊಂಡ್ ಬತ್ತೀನಿ, ಬುಡು ಇದ್ಕೆ.”

“ಅಯ್ಯೋ ಅಮ್ಮ! ಆ ಪಾಚಿ ಬೇರೆ, ಈ ಪಾಚಿ ಬೇರೆ!”

ಪಾಚಿಯಲ್ಲೂ ಒಳಗಿನವರು, ಹೊರಗಿನವರು ಇರುತ್ತಾರೆಂದು ಸರಸಮ್ಮನಿಗೆ ಅಂದೇ ಗೊತ್ತಾದದ್ದು.

ನಂಜುಂಡೇಶ್ ತೊಟ್ಟಿಯೊಳಗಿನ ತಾಪಮಾಪಕವನ್ನು ಎತ್ತಿ ಹಿಡಿದ. “ನೋಡು, ಬೆಳಿಗ್ಗೆ ಇಪ್ಪತ್ತಾರು. ಮಧ್ಯಾಹ್ನ ನಾನು ಊಟಕ್ಕೆ ಬರೋ ಹೊತ್ಗೆ ಮೂವತ್ತೆರಡಕ್ಕೆ ಓಗಿರ್ತದೆ! ನೀರಿನ ಮೇಲೆ ಗಾಳಿ ಆಡ್ಲಿ ಅಂತ ಟೇಬಲ್ ಫ್ಯಾನ್ ಇಟ್ಟಿವ್ನಿ. ಅಂಗಿದ್ರೂ ಯಾಕೆ ಕಾಯ್ತದೆ? ನೇತ್ರಾ! ಮಧ್ಯಾಹ್ನ ಫ್ಯಾನ್ ಆರಿಸ್ತೀಯಾ ನೀನು?”

ಅಡಿಗೆಮನೆಯಿಂದ ಹೆಂಡತಿ ನೇತ್ರಾವತಿ ಸೌಟು ಸಮೇತ ಬಂದಳು. “ನಾನ್ಯಾಕ್ರೀ ಮುಟ್ಲಿ? ಒಲೆ ಮುಂದೆ ನಾನ್ ಬೇಯ್ತಿದ್ರೂ ನನ್ಗೊಂದು ಫ್ಯಾನ್ ತರ್ಲಿಲ್ಲ, ಮೀನಿಗೆ ತಂದ್ರಿ.”

“ಮೀನಲ್ಲ, ಹವಳ!”

“ನನ್ ತಾಳೀಲಿರೋ ಹವಳ ಇಪ್ಪತ್ತು ವರ್ಷದಿಂದ ಇದೇ ಅಡಿಗೆಮನೆ ಶೆಕೇಲದೆ. ಬಿಳುಪಾಯ್ತಾ ನೋಡಿ!”

“ಸುಳ್ಳು ಹೇಳ್ಬೇಡ. ಮನೇಲಿ ಇನ್ಯಾರವ್ರೆ?”

“ಸುಳ್ಳಾ? ಸರಿ, ನಾನು ಹರದನಹಳ್ಳಿಗೆ ಓಯ್ತೀನಿ. ನೀವೂ ನಿಮ್ ಹವಳಾನೂ ತಣ್ಣಗಿರಿ.” ಒಳಗೆ ಬ್ಯಾಗಿನ ಜಿಪ್ಪು ಸರಕ್ಕೆಂದಿತು.

ಸರಸಮ್ಮ ದಿವಾನದಿಂದ ಕಾಲು ಕೆಳಗಿಟ್ಟಳು. ಮಂಡಿನೋವಿನಿಂದ ಈ ವರ್ಷ ಅವಳು ತಾರಸಿ ಹತ್ತಿರಲಿಲ್ಲ. ಮಗ ಅಂಗಡಿಗೆ ಹೋದ ಮೇಲೆ ಅಕ್ಕಿ ಸಂಡಿಗೆಯನ್ನು ದಿವಾನದ ಮೇಲೆ ಹರಡಿ, ಫ್ಯಾನನ್ನು ಅದರ ಕಡೆಗೆ ತಿರುಗಿಸಿ, ಅವನು ಬರುವ ಹೊತ್ತಿಗೆ ಮತ್ತೆ ತೊಟ್ಟಿಯ ಕಡೆ ತಿರುಗಿಸುತ್ತಿದ್ದಳು. ಹದಿನೈದು ದಿನದಿಂದ. ಸಂಡಿಗೆ ಬೆಳ್ಳಗಾದದ್ದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲೇ ಹವಳವೂ ಬೆಳ್ಳಗಾಗುತ್ತಿದ್ದದ್ದು ಗೊತ್ತಿರಲಿಲ್ಲ. ಈಗ ಬಾಯಿ ಬಿಡದಿದ್ದರೆ ಸೊಸೆ ಮಾಡದ ತಪ್ಪಿಗೆ ತವರಿನ ಬಸ್ಸು ಹತ್ತುತ್ತಾಳೆ.

“ಲೇ ನಂಜುಂಡ, ಅವ್ಳನ್ನ ಅನ್ಬ್ಯಾಡ ಕಣ್ಲಾ. ಫ್ಯಾನ್ ತಿರುಗ್ಸಿದ್ದು ನಾನು. ಸಂಡಿಗೆ ಒಣಗ್ಸಕ್ಕೆ.”

ನಂಜುಂಡೇಶ್ ತಾಪಮಾಪಕವನ್ನು ಮತ್ತೆ ತೊಟ್ಟಿಗೆ ಇಳಿಬಿಟ್ಟ. “ಓಗ್ಲಿ ಬುಡಮ್ಮ. ನಿನಗೇನು ಗೊತ್ತು ಪಾಪ.”

ನೇತ್ರಾವತಿ ಬ್ಯಾಗಿನೊಡನೆ ಬಾಗಿಲಲ್ಲಿ ಪ್ರತ್ಯಕ್ಷಳಾದಳು. “ನಾನಾದ್ರೆ ಸುಳ್ಳಿ, ನಿಮ್ಮಮ್ಮ ಆದ್ರೆ ಪಾಪಾನಾ? ಅತ್ತೆ, ನೀವೇ ಹೇಳಿ, ಆ ಸಂಡಿಗೆ ತಿಂದೋರ್ಯಾರು?”

ಸರಸಮ್ಮ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: “ಇವ್ನೇ ಕಣವ್ವ. ದಿನಾ ಊಟಕ್ಕೆ ಎಂಟೆಂಟು. ಈ ವರ್ಷ ಏನ್ ಗರಿಗರಿ ಅದಮ್ಮ, ಇನ್ನೊಂದ್ ಸೇರು ಮಾಡು ಅಂದ. ಮಾಡ್ದೆ.”

ತೊಟ್ಟಿಯೊಳಗಿನ ಹವಳ ಬಿಳಚಿಕೊಂಡು ನಂಜುಂಡೇಶನನ್ನು ನೋಡುತ್ತಿತ್ತು. ಅವನ ಬಣ್ಣವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಕಟ್ಟಿದ ಬ್ಯಾಗನ್ನು ಬಿಚ್ಚುವುದೇಕೆಂದು ನೇತ್ರಾವತಿ ಎರಡು ದಿನಕ್ಕೆ ಹರದನಹಳ್ಳಿಗೆ ಹೋಗಿಯೇ ಬಂದಳು. ಬಂದಾಗ ಅಡಿಗೆಮನೆಯಲ್ಲಿ ಹೊಸ ಫ್ಯಾನು ತಿರುಗುತ್ತಿತ್ತು. ನಡುಮನೆಯ ಫ್ಯಾನಿನ ಕತ್ತನ್ನು ಯಾರೋ ತಂತಿಯಿಂದ ತೊಟ್ಟಿಯ ಕಡೆಗೇ ಬಿಗಿದಿದ್ದರು. ಲೈಟಿಗೆ ತೆಳು ಬಟ್ಟೆ ಹೊದಿಸಿತ್ತು. ಹವಳ ಇನ್ನೂ ಬೆಳ್ಳಗೇ ಇತ್ತು. ಬುಡದಲ್ಲಿ ಒಂದು ಕಡೆ ಕಂದು ಛಾಯೆ ಇದೆಯೆಂದು ಸರಸಮ್ಮ, ಇಲ್ಲವೆಂದು ಅವಳ ಕನ್ನಡಕ.

“ಇವ್ರೆಲ್ಲಿ ಅತ್ತೆ?” ಎಂದಳು ನೇತ್ರಾವತಿ.

ಸರಸಮ್ಮ ಮೇಲಕ್ಕೆ ಕೈ ತೋರಿಸಿದಳು. ತಾರಸಿಯ ಮೇಲೆ, ತಲೆಗೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು ಹಿಡಿದು, ನಂಜುಂಡೇಶ್ ಇನ್ನೊಂದು ಸೇರಿನ ಸಂಡಿಗೆಯನ್ನು ಒಂದೊಂದಾಗಿ ಮಗುಚಿ ಹಾಕುತ್ತಿದ್ದ.